ಮೂರು ಥರದ ಇಲ್ಲ

ನವಿ ಮುಂಬಯಿಯ ಸಾನಪಾಡಾದ ನಮ್ಮ ಮನೆಯ ಪುಸ್ತಕದ ಕಪಾಟಿಗೆ ಗೆದ್ದಲು ಹತ್ತಿದೆ ಎಂದು ಹೆಂಡತಿ ಎರಡು ತಿಂಗಳಿಂದ ಹೇಳುತ್ತಿದ್ದಳು. ನಾನು ಎಂದಿನಂತೆ ಮುಂದಿನ ಭಾನುವಾರ ಎನ್ನುತ್ತಿದ್ದೆ. ಕಳೆದ ವಾರ ಚೆನ್ನಾಗಿ ಬೈಸಿಕೊಂಡ ಮೇಲೆ ಪುಸ್ತಕಗಳನ್ನು ಇಳಿಸಿ ಒಂದೊಂದಾಗಿ ಕೊಡವತೊಡಗಿದೆ. ಡೇಟಾಬೇಸ್ ಕುರಿತ ಒಂದು ದಪ್ಪ ಪುಸ್ತಕದೊಳಗಿಂದ ಕಾಗದದ ಪಟ್ಟಿಯೊಂದು ನೆಲಕ್ಕೆ ಬಿತ್ತು. ಗೇಣುದ್ದ, ಎರಡು ಬೆರಳಗಲ. ಅದರ ಮೇಲಿನ ಸೆಲ್ಲೋಟೇಪು ಹಳದಿಯಾಗಿ ಒಡೆದಿತ್ತು. ಮೂಗಿನ ಹತ್ತಿರ ಹಿಡಿದರೆ ಇನ್ನೂ ತಲೆನೋವಿನ ಮುಲಾಮಿನ ವಾಸನೆ... ಅಥವಾ ನನಗೆ ಹಾಗೆ ಅನ್ನಿಸಿತೋ.

ಅದು ಕೀಬೋರ್ಡಿನ ಮೇಲಿನ ಸಾಲಿಗೆ ಅಂಟಿಸಿಕೊಳ್ಳುತ್ತಿದ್ದ ಪಟ್ಟಿ. ಯಾವ ಕೀಲಿ ಒತ್ತಿದರೆ ಏನು ಎಂದು ಬಾಲ್‌ಪೆನ್ನಿನಲ್ಲಿ ದುಂಡಗೆ ಬರೆದಿತ್ತು. ಹುಡುಕು. ಮುಂದಿನವರು. ಕಾಗದ ತೆಗಿ. ಕೊನೆಯ ಮೂರು ಮಾತ್ರ ತುಳುವಿನಲ್ಲಿದ್ದವು: ಇಜ್ಜಿ, ಗೊತ್ತುಜ್ಜಿ, ಪನ್ಪುಜೆರ್. ಈ ಪಟ್ಟಿಯನ್ನು ಮೊದಲ ದಿನವೇ ಬಗ್ಗಿ ನೋಡಿದ್ದರೆ ನನ್ನ ಅರ್ಧ ಉಪದ್ವ್ಯಾಪ ತಪ್ಪುತ್ತಿತ್ತು. ಆದರೆ ಹೊಸ ಭಾಷೆ ಕಲಿಸಲು ಹೋದವನು ಹಳೆಯ ಕೀಬೋರ್ಡು ಯಾಕೆ ನೋಡುತ್ತಾನೆ!

ನಾನಾಗ ಬೇಲಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಹಳೆಯ ಡೇಟಾಬೇಸಿನಲ್ಲಿರುವುದನ್ನು ಹೊಸದಕ್ಕೆ ಸಾಗಿಸುವುದು ನಮ್ಮ ಕೆಲಸ, ಮನೆ ಬದಲಿಸುವವರ ಸಾಮಾನು ಸಾಗಿಸುವ ಟೆಂಪೊದವರಂತೆ. ವಾಶಿಯ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ರೋಗಿಗಳ ದಾಖಲೆಯೆಲ್ಲ ಕಪ್ಪು ಪರದೆ, ಹಸಿರು ಅಕ್ಷರದ ಒಂದು ಮುದಿ ಪ್ರೋಗ್ರಾಮಿನಲ್ಲಿತ್ತು. ಅದಕ್ಕೆ ಪ್ರಶ್ನೆ ಕೇಳಿ ಉತ್ತರ ತೆಗೆಯುವ ಆಜ್ಞೆಗಳು ಇಡೀ ಆಸ್ಪತ್ರೆಯಲ್ಲಿ ಒಬ್ಬರಿಗೇ ಗೊತ್ತಿದ್ದವು. ಅವರು ರೆಕಾರ್ಡ್ ರೂಮಿನ ಅಕ್ಕ.

ಡಾಕ್ಟರುಗಳು ಮ್ಯಾಡಮ್ ಎನ್ನುತ್ತಿದ್ದರು, ವಾರ್ಡ್‌ಬಾಯ್‌ಗಳು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಉಡುಪಿ ಕಡೆಯವರಾದ್ದರಿಂದ ಕ್ಯಾಂಟೀನಿನವರು ಅಕ್ಕ ಎನ್ನುತ್ತಿದ್ದರು. ಕನ್ನಡದವನೆಂದು ನಾನೂ ಹಾಗೇ ಕರೆದೆ. ಕೋಪರಖೈರಣೆಯಿಂದ ಬೆಳಿಗ್ಗೆ ಎಂಟಕ್ಕೆಲ್ಲ ಬಂದು ಕೂರುತ್ತಿದ್ದರು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಆಸ್ಪತ್ರೆಯವರು ಹೊಸ ವ್ಯವಸ್ಥೆ ತರಲು ಹೊರಟದ್ದೂ ಅದಕ್ಕೇ. ಅವರು ಹೋದ ಮೇಲೆ ಆ ಮುದಿ ಯಂತ್ರದ ಜೊತೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಇದು ಅವರಿಗೂ ಗೊತ್ತಿತ್ತು. ಹಾಗಾಗಿ ನನ್ನನ್ನು ಕಂಡರೆ ಅವರಿಗೆ ಹಾಲು ಕುಡಿದಷ್ಟು ಸಂತೋಷವೇನೂ ಆಗಲಿಲ್ಲ.

"ಹೊಸತು ಎಂತ ತಂದದ್ದು ನೀವು?" ಎಂದು ಮೊದಲ ದಿನ ಕೇಳಿದರು. ಎಸ್‌ಕ್ಯೂಎಲ್ ಅಂತ ಡೇಟಾಬೇಸಿನ ಭಾಷೆ, ನಾವೆಲ್ಲ ಸೀಕ್ವೆಲ್ ಅಂತೀವಿ ಎಂದೆ.

"ಸೀಕ್ವೆಲ್ಲಾ? ಪಿಕ್ಚರಿನ ಎರಡನೇ ಭಾಗದ ಹಾಗೆಯಾ? ನಮ್ಮದು ಮೊದಲನೇ ಭಾಗವೇ ಇನ್ನೂ ಮುಗಿಲಿಲ್ಲ ಮಾರಾಯ್ರೆ."

ಒಪ್ಪಬೇಕಾದ್ದನ್ನು ಒಪ್ಪಬೇಕು. ನನ್ನ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳುವಷ್ಟರಲ್ಲಿ ಅವರು ಮೂರು ರೋಗಿಗಳ ಇತಿಹಾಸ ತೆಗೆದು ಕೊಟ್ಟಿರುತ್ತಿದ್ದರು. ಆದರೆ ತಲೆನೋವು! ಅವರಿಗೂ ತಲೆನೋವು, ನನಗೂ ತಲೆನೋವು. ಮುಲಾಮಿನ ಡಬ್ಬಿ ಮೇಜಿನ ನಡುವೆ ಇರುತ್ತಿತ್ತು, ಇಬ್ಬರೂ ಹಚ್ಚಿಕೊಳ್ಳುತ್ತಿದ್ದೆವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತಿತ್ತು ನಮ್ಮ ಜೋಡಿ. ಈ ಕಾಲಮ್ ಏನು ಎಂದು ಕೇಳಿದರೆ "ಓದಿದರೆ ಗೊತ್ತಾಗ್ತದೆ" ಎನ್ನುತ್ತಿದ್ದರು. ಓದಿದರೆ ಗೊತ್ತಾಗುತ್ತಿರಲಿಲ್ಲ. ಮತ್ತೆ ಕೇಳಿದರೆ "ಮೈಸೂರಿನವರಿಗೆ ಎಲ್ಲ ಬಾಯಲ್ಲಿ ಇಡಬೇಕಾ?" ಎನ್ನುತ್ತಿದ್ದರು. ಕೊನೆಗೆ ರೋಸಿಹೋಗಿ ನಾನು ಕೇಳುವುದನ್ನೇ ಬಿಟ್ಟೆ. ನಾನೇ ಊಹಿಸಿಕೊಂಡೆ.

ಊಹೆಯ ಫಲ ಹೊಸ ವ್ಯವಸ್ಥೆಯ ಪ್ರಯೋಗದ ದಿನ ಕಂಡಿತು. ಹಳೆಯ ದಾಖಲೆಗಳನ್ನು ಹೊಸದಕ್ಕೆ ಸುರಿದು, ಯಾವ ಔಷಧಿ ಯಾರಿಗೆ ಆಗುವುದಿಲ್ಲ ಎಂಬ ಪಟ್ಟಿ ತೆಗೆದೆ. ಅಲರ್ಜಿಯ ಆ ಕಾಲಮ್ಮಿನಲ್ಲಿ ಕೆಲವರಿಗೆ ಔಷಧಿಯ ಹೆಸರು ಪೂರ್ತಿ ಇತ್ತು. ಬಹಳ ಮಂದಿಗೆ ಒಂದೊಂದೇ ಇಂಗ್ಲಿಷ್ ಅಕ್ಷರವಿತ್ತು: ಐ, ಜಿ ಅಥವಾ ಪಿ. ಐ ಎಂದರೆ ಅಯೋಡಿನ್, ಪಿ ಎಂದರೆ ಪೆನಿಸಿಲಿನ್ ಎಂದು ನಾನು ಧೈರ್ಯವಾಗಿ ಬರೆದುಕೊಂಡಿದ್ದೆ. ಜಿ ಏನೆಂದು ಹೊಳೆಯದೆ ಜನರಲ್ ಎಂದು ಹಾಕಿದ್ದೆ. ಜನರಲ್ ಅಲರ್ಜಿ ಅಂದರೆ ಏನೋ, ದೇವರಿಗೇ ಗೊತ್ತು. ಪಟ್ಟಿ ನೋಡಿದ ಮೆಡಿಕಲ್ ಸುಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ನವಿ ಮುಂಬಯಿಯ ಅರ್ಧ ಜನಕ್ಕೆ ಅಯೋಡಿನ್ ಆಗುವುದಿಲ್ಲ ಎಂದಿತ್ತು ಅದರಲ್ಲಿ.

ನಾನು ಪಟ್ಟಿ ಹಿಡಿದು ರೆಕಾರ್ಡ್ ರೂಮಿದ್ದ ನೆಲಮಾಳಿಗೆಗೆ ಓಡಿದೆ. ಅಕ್ಕ ಓದಿದರು. ಮೊದಲು ನಕ್ಕರು, ಆಮೇಲೆ ಅವರ ಮುಖ ಕೆಂಪಾಯಿತು.

"ಅಯೋಡಿನಾ? ಐ ಅಂದ್ರೆ ಇಜ್ಜಿ ಮಾರಾಯ್ರೆ! ಇಜ್ಜಿ ಅಂದ್ರೆ ಇಲ್ಲ. ಅಲರ್ಜಿ ಇಲ್ಲ!"

"ಪಿ?"

"ಪನ್ಪುಜೆರ್. ಕೇಳಿದ್ರೂ ಹೇಳುದಿಲ್ಲ. ಕೆಲವರು ಹೇಳುದಿಲ್ಲಪ್ಪ. ಸೊಸೆಯ ಎದುರು ಹೇಳ್ಲಿಕ್ಕೆ ನಾಚಿಕೆ, ಇನ್ಶೂರೆನ್ಸಿನವರಿಗೆ ಗೊತ್ತಾಗ್ತದೆ ಅಂತ ಹೆದರಿಕೆ."

"ಜಿ ಜನರಲ್ ಅಲ್ವಾ ಹಾಗಾದ್ರೆ?"

"ಗೊತ್ತುಜ್ಜಿ. ಗೊತ್ತಿಲ್ಲ ಅಂತ. ಪ್ರಜ್ಞೆ ತಪ್ಪಿ ಬಂದವರು, ಜೊತೆಗೆ ಯಾರೂ ಇಲ್ಲದವರು. ಅವರಿಗೆ ಉಂಟೋ ಇಲ್ಲವೋ ಯಾರಿಗೆ ಗೊತ್ತು?"

ಇಷ್ಟು ವರ್ಷ ಇದನ್ನು ಯಾರಿಗೂ ಹೇಳದೆ ತುಳುವಿನಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದೀರಲ್ಲ ಎಂದು ನಾನು ಕೂಗಾಡಿದೆ. ಅವರೂ ಕೂಗಾಡಿದರು. ಬಚ್ಚಿಟ್ಟದ್ದಲ್ಲವಂತೆ. ಆ ಪ್ರೋಗ್ರಾಮು ಬಂದ ಕಾಲದಲ್ಲಿ ಹೌದು, ಇಲ್ಲ ಎಂಬ ಎರಡೇ ಹಾಕಲು ಹೇಳಿದ್ದರಂತೆ. ಕೇಳಿ ಹಾಕಿದ ಇಲ್ಲ ಯಾವುದು, ಕೇಳದೆ ಹಾಕಿದ ಇಲ್ಲ ಯಾವುದು ಎಂದು ಇವರು ಪ್ರಶ್ನಿಸಿದಾಗ ಅದೆಲ್ಲ ಬೇಡ ಎಂದರಂತೆ. ಹಾಗಾಗಿ ತಮಗೆ ತಿಳಿದ ಮಾತಿನಲ್ಲಿ ತಾವೇ ಗುರುತು ಮಾಡಿಕೊಂಡರು. ನರ್ಸುಗಳಿಗೂ ಹೇಳಿಕೊಟ್ಟರು. ಕೇರಳದ ನರ್ಸುಗಳೂ ವಿದರ್ಭದ ನರ್ಸುಗಳೂ ಫೋನಿನಲ್ಲಿ "ಮಾವಶಿ, ಯೇ ಪೇಶಂಟ್ ಇಜ್ಜಿ ಹೈ ಯಾ ಗೊತ್ತುಜ್ಜಿ?" ಎಂದು ಕೇಳುವುದನ್ನು ಆಮೇಲೆ ನಾನೇ ಕಿವಿಯಾರೆ ಕೇಳಿದೆ. ಜಿ ಇದ್ದರೆ ಹಳೆಯ ಪರದೆಯಲ್ಲಿ ಆ ಅಕ್ಷರ ಮಿನುಗುತ್ತಿತ್ತು. ಮಿನುಗಿದರೆ ಇಂಜೆಕ್ಷನ್ ಕೊಡುವ ಮುಂಚೆ ಕೇಳಲೇಬೇಕು, ಅದು ಅಲ್ಲಿನ ಪದ್ಧತಿಯಾಗಿ ಹೋಗಿತ್ತು.

ನಾನು ಅಯೋಡಿನ್, ಪೆನಿಸಿಲಿನ್ ಎಲ್ಲ ಅಳಿಸಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೊಸ ವ್ಯವಸ್ಥೆಯ ಆ ಕಾಲಮ್ಮಿನಲ್ಲಿ ಔಷಧಿಯ ಹೆಸರಿಗೆ ಮಾತ್ರ ಜಾಗ. ಹೆಸರಿಲ್ಲದಿದ್ದರೆ ಖಾಲಿ ಬಿಡಬೇಕು. ಆ ಖಾಲಿಗೆ ನಮ್ಮ ಭಾಷೆಯಲ್ಲಿ ನಲ್ ಎನ್ನುತ್ತಾರೆ. ಐ, ಜಿ, ಪಿ ಮೂರನ್ನೂ ನಲ್ ಮಾಡಿಬಿಡೋಣ ಎಂದೆ. ಒಂದೇ ಸಾಲಿನ ಆಜ್ಞೆ, ಎರಡು ಸೆಕೆಂಡಿನ ಕೆಲಸ.

"ಎಂತ ನಲ್?"

ಅಲ್ಲಿ ಏನೂ ಇಲ್ಲ ಅಂತ ಎಂದೆ. ಸೊನ್ನೆಯೂ ಅಲ್ಲ, ಖಾಲಿ ಅಕ್ಷರವೂ ಅಲ್ಲ, ಬರೀ ಇಲ್ಲ. ಪಾಠ ಹೇಳುವ ಹುಮ್ಮಸ್ಸಿನಲ್ಲಿ, ನಲ್‌ಗೆ ನಲ್ ಸಮವೇ ಎಂದು ಕೇಳಿದರೆ ಯಂತ್ರ ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ, ತಿಳಿಯದು ಎನ್ನುತ್ತದೆ ಎಂದೂ ವಿವರಿಸಿದೆ.

ಅಕ್ಕ ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೇಳಿಸಿಕೊಂಡರು. "ಹಾಗಾದ್ರೆ ನಿಮ್ಮ ಮಿಷನಿಗೂ ಗೊತ್ತುಜ್ಜಿ ಅಂತ ಹೇಳ್ಲಿಕ್ಕೆ ಬರ್ತದೆ. ನನ್ನ ಪೇಶಂಟಿನದ್ದು ಮಾತ್ರ ಯಾಕೆ ಆಗುದಿಲ್ಲ?"

ಉತ್ತರವಿಲ್ಲದವನು ಮಾಡುವುದನ್ನೇ ಮಾಡಿದೆ, ಸಿಟ್ಟಾದೆ. ಅವರು ಬಿಡಲಿಲ್ಲ. "ನಲ್ ಅಂದ್ರೆ ನಮಗೆ ನೀರಿನ ನಲ್ಲಿ. ಬೆಳಿಗ್ಗೆ ತಿರುಗಿಸಿದ್ರೆ ನೀರಿಲ್ಲ. ಯಾಕಿಲ್ಲ? ಮೇಲಿಂದಲೇ ಬಿಡ್ಲಿಲ್ಲವಾ, ಟಾಂಕಿ ಖಾಲಿಯಾ, ಇಲ್ಲ ವಾಚ್‌ಮನ್ ಮಲಗಿದ್ದಾನಾ? ನೀವು ಬರೀ ನೀರಿಲ್ಲ ಅಂತ ಬರೆದಿಟ್ರೆ ನಾನು ಯಾರ ಹತ್ರ ಹೋಗಿ ಜಗಳ ಮಾಡ್ಬೇಕು?"

ಹದಿನೈದು ದಿನ ಇದೇ ಜಗಳ. ಹೊಸ ವ್ಯವಸ್ಥೆ ಶುರುವಾಗಬೇಕಾದರೆ ದಾಖಲೆಗಳೆಲ್ಲ ಸರಿಯಾಗಿ ಬಂದಿವೆ ಎಂದು ರೆಕಾರ್ಡ್ ರೂಮಿನವರು ಸಹಿ ಹಾಕಬೇಕಿತ್ತು. ಅವರು ಹಾಕಲೊಲ್ಲರು. ಬೇಲಾಪುರದಿಂದ ನಮ್ಮ ಮ್ಯಾನೇಜರು ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಒಬ್ಬ ಹೆಂಗಸಿನ ಸಹಿ ತರಲಾಗುವುದಿಲ್ಲವೇ ಎಂದು ಮರ್ಯಾದೆ ತೆಗೆಯುತ್ತಿದ್ದರು. ಇನ್ನೊಂದು ಕಾಲಮ್ ಸೇರಿಸುವುದು ದೊಡ್ಡ ವಿಷಯವಲ್ಲ. ಆದರೆ ಸೇರಿಸಿದರೆ ಪರದೆ ಬದಲಾಗಬೇಕು, ಪರೀಕ್ಷೆ ಮತ್ತೆ ಆಗಬೇಕು, ದಿನ ಮುಂದೆ ಹೋಗಬೇಕು. ದಿನ ಮುಂದೆ ಹೋಗುವಂತಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಕ್ಯಾಂಟೀನಿನಿಂದ ಎರಡು ಚಹಾ ತರಿಸಿ ಮೆತ್ತಗೆ ಹೇಳಿದೆ. "ಅಕ್ಕ, ಈಗ ಸೈನ್ ಮಾಡಿ. ಹಳೇದು ನನ್ನ ಹತ್ರ ಹಾಗೇ ಇರುತ್ತೆ. ಎರಡನೇ ಹಂತದಲ್ಲಿ ನಿಮ್ಮ ಮೂರೂ ವಾಪಸ್ ತಂದುಕೊಡ್ತೀನಿ. ನನ್ನ ಮಾತು."

"ಮಾತು ಯಾರಿಗೆ ಬೇಕು? ಬರೆದು ಕೊಡಿ."

ನಾನು ಪೆನ್ನಿಗಾಗಿ ಜೇಬು ತಡಕಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಯಾರ ಬಾಯಿಮಾತನ್ನೂ ನಂಬದ, ವಾರ್ಡ್‌ಬಾಯ್ ಪೆನ್ಸಿಲು ಒಯ್ದರೂ ಪುಸ್ತಕದಲ್ಲಿ ಬರೆಸಿಕೊಳ್ಳುತ್ತಿದ್ದ ಹೆಂಗಸು. "ಬೇಡ ಬಿಡಿ. ನಮ್ಮವರಲ್ವಾ" ಎಂದು ಸಹಿ ಹಾಕಿಕೊಟ್ಟರು. ಅದೇ ದಿನ ಕೀಬೋರ್ಡಿನ ಪಟ್ಟಿ ಕಿತ್ತು ನನ್ನ ಕೈಗಿಟ್ಟರು. "ಇದು ನೋಡಿ ಮಾಡಿ. ಮರಿಬೇಡಿ." ನಾನು ಅದನ್ನು ಪುಸ್ತಕದಲ್ಲಿಟ್ಟೆ.

ಮರೆತೆ. ಬೇಕೆಂದು ಮರೆಯಲಿಲ್ಲ, ಮುಂದಿನ ಭಾನುವಾರ ಎನ್ನುವವನು ಮರೆಯುವ ಹಾಗೆ ಮರೆತೆ. ಹೊಸ ವ್ಯವಸ್ಥೆ ಶುರುವಾಗಿ ಕೇಕು ಕತ್ತರಿಸಿದ್ದಾಯಿತು. ಕೊನೆಯ ಕೆಲಸಗಳ ಪಟ್ಟಿಯಲ್ಲಿ ಹಳೆಯ ಯಂತ್ರವನ್ನು ಅಳಿಸಿ ಗುಜರಿಗೆ ಕೊಡುವುದೂ ಇತ್ತು. ಅದರ ಮುಂದೆ ಸರಿ ಎಂದು ಗುರುತು ಹಾಕಿದವನು ನಾನೇ. ಅದರ ನಕಲೊಂದು ಡಿಸ್ಕಿನಲ್ಲಿ ಇದೆಯಲ್ಲ ಎಂಬ ಧೈರ್ಯ. ಆ ಡಿಸ್ಕು ತೆರೆಯುತ್ತದೆಯೇ ಎಂದು ನೋಡುವ ಗೋಜಿಗೆ ಹೋಗಲಿಲ್ಲ. ಇನ್ನು ಪರದೆಯ ಪ್ರೋಗ್ರಾಮು ಬರೆಯುತ್ತಿದ್ದ ನಮ್ಮ ಕಂಪನಿಯ ಹುಡುಗಿ, ಖಾಲಿ ಜಾಗ ಚೆನ್ನಾಗಿ ಕಾಣುವುದಿಲ್ಲವೆಂದು, ನಲ್ ಇದ್ದಲ್ಲೆಲ್ಲ ಅಲರ್ಜಿ ಏನೂ ಇಲ್ಲ ಎಂದು ಹಸಿರು ಬಣ್ಣದಲ್ಲಿ ತೋರಿಸಿದಳು. ನಾನು ನೋಡಿದೆ. ಚೆನ್ನಾಗಿದೆ ಎಂದೆ.

ಆರು ವಾರದ ಮೇಲೆ ಒಬ್ಬ ಶಾಲಾ ವ್ಯಾನಿನ ಡ್ರೈವರು ಕಾಲಿನ ಗಾಯ ಕೀವಾಯಿತೆಂದು ಬಂದ. ಹಿಂದೊಮ್ಮೆ ರಸ್ತೆ ಅಪಘಾತದಲ್ಲಿ ಪ್ರಜ್ಞೆ ತಪ್ಪಿದ್ದವನನ್ನು ಯಾರೋ ದಾರಿಹೋಕರು ತಂದು ಸೇರಿಸಿ ಹೋಗಿದ್ದರಂತೆ. ಅವನು ಜಿ. ಅಕ್ಕನ ಜಿ. ಹೊಸ ಪರದೆ ಅವನಿಗೆ ಏನೂ ಇಲ್ಲ ಎಂದು ಹಸಿರಾಗಿ ಹೇಳಿತು. ಡಾಕ್ಟರು ಕೇಳಬೇಕಿತ್ತು, ನಿಜ. ಆದರೆ ಪರದೆಯೇ ಉತ್ತರ ಕೊಟ್ಟ ಮೇಲೆ ಪ್ರಶ್ನೆ ಯಾರು ಕೇಳುತ್ತಾರೆ? ಇಂಜೆಕ್ಷನ್ ಆದ ಕೆಲವೇ ನಿಮಿಷಕ್ಕೆ ಅವನ ಮುಖ ಊದಿ ಉಸಿರು ಕಟ್ಟಿತು. ಎರಡು ದಿನ ಐಸಿಯುನಲ್ಲಿದ್ದು ಬದುಕಿಕೊಂಡ. ಅವನ ಹೆಂಡತಿ ರೆಕಾರ್ಡ್ ರೂಮಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳೆಂದು ಕ್ಯಾಂಟೀನಿನವರು ಹೇಳಿದರು.

ಮೂರನೆಯ ದಿನ ಸಭೆ ಕರೆದರು. ಮೇಜಿನ ಒಂದು ಬದಿಗೆ ಆಸ್ಪತ್ರೆಯವರು, ಇನ್ನೊಂದು ಬದಿಗೆ ನಮ್ಮ ಮ್ಯಾನೇಜರು, ನಾನು. ಅಕ್ಕ ಬಾಗಿಲ ಹತ್ತಿರದ ಕುರ್ಚಿಯಲ್ಲಿ. ನಮ್ಮ ಮ್ಯಾನೇಜರು ಸಹಿಯ ಕಾಗದವನ್ನು ಮೇಜಿನ ಮೇಲೆ ಜಾರಿಸಿ ಬಹಳ ವಿನಯದಿಂದ ಕೇಳಿದರು. "ಮ್ಯಾಡಮ್, ಸೈನ್ ಆಪ್ ಕಾ ಹೀ ಹೈ ನಾ?"

ಅಕ್ಕ ಒಮ್ಮೆ ನನ್ನ ಕಡೆ ನೋಡಿದರು. ನಾನು ಹೇಳಬಹುದಿತ್ತು. ಆಕೆ ಬೇಡವೆಂದಿದ್ದರು, ನಾನು ಮಾತು ಕೊಟ್ಟು ಹಾಕಿಸಿದೆ ಎಂದು ಎರಡು ವಾಕ್ಯ, ಅಷ್ಟೇ. ಮನೆಯ ಸಾಲ, ಮಗಳ ಶಾಲೆ, ಕೆಲಸ ಹೋದರೆ ಗತಿಯೇನು ಎಂದೆಲ್ಲ ಲೆಕ್ಕ ಹಾಕುತ್ತ ನಾನು ಚಹಾದ ಕಪ್ಪನ್ನು ನೋಡುತ್ತ ಕೂತೆ. ಕಪ್ಪಿನಲ್ಲಿ ಚಹಾ ಕೂಡ ಇರಲಿಲ್ಲ.

"ಹಾಂ. ಸೈನ್ ಮೇರಾ ಹೈ" ಎಂದರು ಅಕ್ಕ.

ಅವರಿಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಅಷ್ಟು ವರ್ಷದ ಸೇವೆಯಲ್ಲಿ ಅದೊಂದೇ ಪತ್ರ. ಡಿಸ್ಕು ತೆರೆಯಲಿಲ್ಲ. ಪುಣೆಗೂ ಕಳಿಸಿ ನೋಡಿದೆವು. ಯಾರು ಐ, ಯಾರು ಜಿ, ಯಾರು ಪಿ ಎಂಬುದು ಜಗತ್ತಿನಲ್ಲಿ ಯಾರಿಗೂ ತಿಳಿಯದ ಹಾಗಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ, ಬೇಡಬೇಡವೆಂದಿದ್ದ ಆ ಕಾಲಮ್ಮನ್ನು ನಾನು ಒಂದೇ ದಿನದಲ್ಲಿ ಸೇರಿಸಿದೆ. ಒಂದೇ ದಿನ! ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ರೇಗುತ್ತದೆ. ತೋರಿಸಲು ನೆಲಮಾಳಿಗೆಗೆ ಹೋದಾಗ ಕ್ಷಮೆ ಕೇಳಲೆಂದು ಬಾಯಿ ತೆರೆದೆ...

"ಓಹೋ, ಎರಡನೇ ಹಂತ ಬಂತಾ?" ಎಂದರು ಅಕ್ಕ. ಖಾಲಿ ಇದ್ದಲ್ಲಿ ಏನು ತೋರಿಸಲಿ ಎಂದು ಕೇಳಿದೆ. "ಪೂಛೋ ಅಂತ ಹಾಕಿ, ಕೇಳಿ ಅಂತ. ಕೆಂಪಲ್ಲಿ. ಎಲ್ಲರಿಗೂ ಅರ್ಥ ಆಗ್ತದೆ, ನಿಮಗೂ."

ಆಮೇಲಿನ ಒಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಹೆಸರುಗಳ ಪಟ್ಟಿಯನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ತೆಗೆಸಿಕೊಂಡು, ಎ ಇಂದ ಶುರು ಮಾಡಿ, ಪ್ರತಿಯೊಬ್ಬರಿಗೂ ಫೋನು. ಕಲ್ಯಾಣ, ಡೊಂಬಿವಿಲಿ, ಐರೋಲಿ, ಎಲ್ಲೆಲ್ಲಿಗೋ. "ಕೋಯೀ ದವಾ ಸೇ ತಕ್ಲೀಫ್ ಹುವಾ ಹೈ ಕ್ಯಾ ಪೆಹಲೇ? ಖುಜಲೀ? ಸೂಜನ್?" ಹಿಂದೆ ಯಾವುದಾದರೂ ಔಷಧಿಯಿಂದ ತೊಂದರೆ, ತುರಿಕೆ, ಊತ ಆಗಿತ್ತೇ ಎಂದು. ಕೆಲವರು ಸಾಲ ಕೊಡುವವರೆಂದು ಬೈದು ಫೋನಿಡುತ್ತಿದ್ದರು. ಅವರಿಗೆ ಪಿ ಹಾಕಿ, ಮರುದಿನ ಮತ್ತೆ ಮಾಡುತ್ತಿದ್ದರು. ನಾನು ತಿಂಗಳಿಗೊಮ್ಮೆ ಹೋದಾಗ ಯಾವ ಅಕ್ಷರಕ್ಕೆ ಬಂತು ಅಕ್ಕ ಎಂದು ಕೇಳುತ್ತಿದ್ದೆ. ಎಂ ಎನ್ನುತ್ತಿದ್ದರು. ಪಿ ಎನ್ನುತ್ತಿದ್ದರು. ನಿವೃತ್ತಿಯ ದಿನ ಆರ್ ಮುಗಿದಿತ್ತು. ಉಳಿದದ್ದನ್ನು ಯಾರು ಮಾಡುತ್ತಾರೆ ಎಂದು ಬೀಳ್ಕೊಡುಗೆಯಲ್ಲಿ ಕೇಳಿದರು. ಮಾಡೋಣ ಮ್ಯಾಡಮ್ ಎಂದರು ಆಸ್ಪತ್ರೆಯವರು. ಮಾಡಲಿಲ್ಲ.

ಕಪಾಟಿನ ಗೆದ್ದಲಿಗೆ ಔಷಧಿ ಹೊಡೆಸಿಯಾಯಿತು. ಪಟ್ಟಿಯನ್ನು ಮರುದಿನ ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿನ ವ್ಯವಸ್ಥೆ ನೋಡಿಕೊಳ್ಳುವವನು ಇವತ್ತಿಗೂ ನಾನೇ. ಕ್ಯಾಂಟೀನಿನವರಿಗೆ ತೋರಿಸಿ, ಅಕ್ಕ ಈಗ ಎಲ್ಲಿದ್ದಾರೆ, ಒಮ್ಮೆ ಕೋಪರಖೈರಣೆಗೆ ಹೋಗಿ ಬರಬೇಕು ಎಂದೆ. ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ನಿಮಗೆ ಗೊತ್ತಿಲ್ವಾ? ಮಳೆಗಾಲದಲ್ಲೇ ತೀರಿಕೊಂಡ್ರಲ್ಲ. ಹಾರ್ಟು. ಇಲ್ಲಿಗೇ ತಂದದ್ದು. ನೀವು ಬರ್ಲಿಲ್ಲ, ಬ್ಯುಸಿ ಇರ್ಬೇಕು ಅಂತ ಮಾಡಿದ್ವಿ."

ನೆಲಮಾಳಿಗೆಗೆ ಇಳಿದು ಯಂತ್ರದ ಮುಂದೆ ಕೂತೆ. ಮಾಡಬಾರದ ಕೆಲಸ, ಆದರೂ ಅವರ ಹೆಸರು ಹಾಕಿ ಒಂದು ಸಾಲು ಬರೆದು ಕೇಳಿದೆ. ಅವರ ಹೆಸರು ವಿ ಅಕ್ಷರದಿಂದ ಶುರುವಾಗುತ್ತಿತ್ತು. ದಾಖಲೆ ತೆರೆಯಿತು. ವಿಳಾಸ, ವಯಸ್ಸು, ಮೃತ ಎಂಬ ಒಂದು ಪದ. ಅಲರ್ಜಿಯ ಜಾಗದಲ್ಲಿ ಅವರು ಒಂದು ಕಾಲದಲ್ಲಿ ತಮ್ಮ ಕೈಯಾರೆ ಏನು ಹಾಕಿಕೊಂಡಿದ್ದರೋ, ಅದನ್ನು ನಾನು ಎರಡು ಸೆಕೆಂಡಿನಲ್ಲಿ ಅಳಿಸಿದ್ದೆ. ಅಲ್ಲಿ ಕೆಂಪು ಅಕ್ಷರದಲ್ಲಿ ಪೂಛೋ ಎಂದಿತ್ತು.

ಯಾರನ್ನು ಕೇಳಲಿ? ತಿಂಗಳುಗಟ್ಟಲೆ ಒಂದೇ ಡಬ್ಬಿಯ ಮುಲಾಮು ಹಚ್ಚಿಕೊಂಡು ಎದುರಿಗೇ ಕೂತಿದ್ದಾಗ ನಾನು ಒಮ್ಮೆಯೂ ಕೇಳಿರಲಿಲ್ಲ.